ಹೊಳೆ ಜಾಗಕ್ಕೆ ಗಡಿ ಹಾಕೋರು ಯಾರು?

ನಾನೀಗ ಇರೋದು ನೆದರ್‌ಲ್ಯಾಂಡ್ಸ್‌ನ ನೈಮೇಖನ್‌ನಲ್ಲಿ, ವಾಲ್ ನದಿ ಪಕ್ಕ. ಬೇಸಿಗೆಲಿ ದನ ಮೇಯೋ ಹುಲ್ಲುಗಾವಲು ಚಳಿಗಾಲದಲ್ಲಿ ಪೂರ್ತಿ ನೀರು, ಬೇಲಿ ಕಂಬದ ತುದಿ ಅಷ್ಟೇ ಕಾಣುತ್ತೆ. ಮೊದಲ ಸಲ ನೋಡಿದಾಗ ಗಾಬರಿಯಾಗಿ ಸೈಕಲ್ ನಿಲ್ಲಿಸಿ, ನಾಯಿ ಕರ್ಕೊಂಡು ಹೋಗ್ತಿದ್ದ ಒಬ್ಬ ಅಜ್ಜನ್ನ ಕೇಳ್ದೆ, ಅವರು ನಕ್ಕು 'ಅದು ನದೀದೇ ಜಾಗ ಅಲ್ವಾ' ಅಂದ್ರು.

ಈ ಡಚ್ಚರೇನು ಹುಟ್ಟಾ ಬುದ್ಧಿವಂತ್ರಲ್ಲ ಬಿಡಿ, ನೂರಾರು ವರ್ಷ ನದಿನ ಎರಡು ಏರಿ ನಡುವೆ ಹಿಂಡಿದೋರೇ. 1995ರಲ್ಲಿ ನದಿ ಉಕ್ಕಿ ಹತ್ರಹತ್ರ ಎರಡೂವರೆ ಲಕ್ಷ ಜನರನ್ನ ಮನೆ ಬಿಡಿಸಬೇಕಾದಾಗ ಕಣ್ಣು ಬಿಟ್ಟಿದ್ದು. ಆಮೇಲೆ ಏರಿನ ಎತ್ತರಿಸ್ತಾನೇ ಹೋಗೋ ಬದಲು ನದಿಗೇ ಜಾಗ ಬಿಡೋಣ ಅಂತ ಯೋಜನೆ ಮಾಡಿದ್ರು, ಇಲ್ಲೇ ಆಚೆ ದಡದ ಲೆಂಟ್‌ನಲ್ಲಿ ಏರಿನ 350 ಮೀಟರ್ ಹಿಂದಕ್ಕೆ ಸರಿಸಿದ್ರು, ಅದಕ್ಕೆ ಸುಮಾರು 50 ಮನೆ ತೆಗೀಬೇಕಾಯ್ತು. ಮನೆ ಹೋದೋರು ಖುಷಿಯಾಗೇನೂ ಬಿಟ್ಟಿರಲ್ಲ.

ನಮ್ಮಲ್ಲಿ ನೋಡಿ, ನೆರೆ ಬರೋ ಜಾಗನ ಗುರುತು ಮಾಡಿ ಅಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅಂತ ಹೇಳೋ ಮಾದರಿ ಮಸೂದೆನ ಕೇಂದ್ರ ರಾಜ್ಯಗಳಿಗೆ ಕಳಿಸಿದ್ದು 1975ರಲ್ಲಿ! ಕಾನೂನು ಮಾಡಿದ್ದು ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯ, ನಮ್ಮದು ಆ ಪಟ್ಟಿಲಿಲ್ಲ. ಬೆಂಗಳೂರಿನ ಕೆರೆ ಸುತ್ತ 75 ಮೀಟರ್ ಏನೂ ಕಟ್ಟದೆ ಬಿಡಿ ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕ್ತು, ಆಗ ಮತ್ತೆ ಹಳೇ 30 ಮೀಟರ್‌ಗೇ ಬಂತು. ಪಹಣಿಲಿ ಬಿ ಖರಾಬು (ಸಾಗುವಳಿಗಲ್ಲದೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಅಂತ ಹಳ್ಳಕ್ಕೊಂದು ಲೆಕ್ಕ ಇದೆ ನಿಜ, ಆದ್ರೆ ಅದು ಹಳ್ಳ ಹರಿಯೋ ಜಾಗದ ಲೆಕ್ಕ, ಉಕ್ಕಿದಾಗ ನೀರು ಹರಡ್ಕೊಳ್ಳೋ ಹೊಲದ್ದಲ್ಲ.

ನನಗೆ ಜಾಸ್ತಿ ಕಾಡೋದು 2009ರ ಉತ್ತರ ಕರ್ನಾಟಕದ ನೆರೆ. ಆಸರೆ ಯೋಜನೆ ಅಂತ ಎತ್ತರದಲ್ಲಿ ಮನೆ ಕಟ್ಟಿಕೊಟ್ರು, ಆದ್ರೆ ಹೊಲ ದೂರ ಆಯ್ತು, ದನ ಕಟ್ಟೋಕೆ ಜಾಗ ಸಾಲಲ್ಲ ಅಂತ ಎಷ್ಟೋ ಜನ ಹಳೇ ಊರಲ್ಲೇ ಉಳ್ಕೊಂಡ್ರು. ಅವರದ್ದೇ ತಪ್ಪು ಅನ್ನೋರನ್ನ ಕಂಡ್ರೆ ಸಿಟ್ಟು ಬರುತ್ತೆ. ಇಲ್ಲಿ ಮಾಸ್ ನದಿ ಪಕ್ಕ ಓವರ್‌ಡೀಪ್ಸೆ ಪೋಲ್ಡರ್ (ಸುತ್ತ ಏರಿ ಕಟ್ಟಿ ಉಳಿಸ್ಕೊಂಡ ತಗ್ಗು ನೆಲ) ಅಂತ ಒಂದು ಜಾಗ ಇದೆ, ಅಲ್ಲೂ ನೆರೆ ನೀರು ಬಿಡ್ತೀವಿ ಅಂತ ಸರ್ಕಾರ ಅಂದಾಗ ರೈತರು ತಾವೇ ಕೂತು ನಕ್ಷೆ ಹಾಕಿದ್ರು: ಏರಿ ಪಕ್ಕ ಮಣ್ಣಿನ ದಿಬ್ಬ ಎಬ್ಬಿಸಿ ಮನೆ, ಕೊಟ್ಟಿಗೆ ಎರಡೂ ಅದರ ಮೇಲೆ, ಹೊಲ ಕಣ್ಣೆದುರಿಗೇ. ಎಲ್ಲರಿಗೂ ಜಾಗ ಸಾಲಲಿಲ್ಲ, ಕೆಲವರು ಪರಿಹಾರ ತಗೊಂಡು ಹೊರಟ್ರು. ಉಳಿದೋರು ಅಲ್ಲೇ ಹೈನು ಮಾಡ್ಕೊಂಡಿದ್ದಾರೆ.

ಇನ್ನೊಂದು, ಇಲ್ಲಿ ನೀರು ನೋಡ್ಕೊಳ್ಳೋಕೆ ಬೇರೆನೇ ಮಂಡಳಿಗಳಿವೆ, ಒಟ್ಟು 21, ಅದಕ್ಕೆ ಬೇರೆ ತೆರಿಗೆ, ನಾಲ್ಕು ವರ್ಷಕ್ಕೊಮ್ಮೆ ಬೇರೆ ಎಲೆಕ್ಷನ್. ಇಲ್ಲಿನ ಸಂಸತ್ತಿಗೆ ವೋಟ್ ಹಾಕೋಕೆ ನನ್ನ ಇಂಡಿಯನ್ ಪಾಸ್‌ಪೋರ್ಟ್ ನಡೆಯಲ್ಲ, ಈ ನೀರಿನ ಮಂಡಳಿಗೆ ನಡೆಯುತ್ತೆ, 2023ರಲ್ಲಿ ಹಾಕಿ ಬಂದೆ. ತೆರಿಗೆ ಚೀಟಿ ಬಂದಾಗ ಮಾತ್ರ ಇದೆಲ್ಲ ಮರೆತು ಎಲ್ಲರ ಹಾಗೇ ಗೊಣಗ್ತೀನಿ.