ಇಪ್ಪತ್ತು ನಿಮಿಷದ ಚೆನ್ನೈ

ಬೆಂಗಳೂರಿನಿಂದ ಚೆನ್ನೈಗೆ ಆಕಾಶಮಾರ್ಗದಲ್ಲಿ ಸುಮಾರು 270 ಕಿಲೋಮೀಟರ್. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹಾರುತ್ತದೆ. ಭಾಗಿಸಿ ನೋಡಿ, ಬರೀ 20 ನಿಮಿಷ! ಕುಡಿದ ಕಾಫಿಯ ರುಚಿ ಬಾಯಲ್ಲಿರುವಾಗಲೇ ಮರೀನಾ ಬೀಚ್.

ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆ ಅಂತಿರುತ್ತದೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ವಿಮಾನ ಕಂಪನಿಯ ಗಡಿಯಾರ ಈ ಊರಿನ ನಿಲ್ದಾಣದಲ್ಲಿ ವಿಮಾನ ಜಾಗ ಬಿಟ್ಟಾಗ ಶುರುವಾಗಿ, ಆ ಊರಿನಲ್ಲಿ ಹೋಗಿ ನಿಂತಾಗ ನಿಲ್ಲುತ್ತದೆ. ರನ್‌ವೇಗೆ ಕಾಯುವುದು, ಇಳಿಯುವ ಮುಂಚೆ ಮೋಡದಲ್ಲಿ ಸುತ್ತುವುದು ಎಲ್ಲಾ ಅದರಲ್ಲೇ ಸೇರುತ್ತದೆ. ಮೇಲೆ ಒಂದಿಷ್ಟು ಕೊಸರು. ಅದೂ ಸಾಲದೆ 15 ನಿಮಿಷ ತಡವಾದರೂ ‘ಸರಿಯಾದ ಸಮಯ’ ಎಂದೇ ಲೆಕ್ಕ. ಕೊಸರಿನಲ್ಲಿ ಹತ್ತು ನಿಮಿಷ ಮಿಕ್ಕರೆ ‘ಬೇಗ ತಲುಪಿದ್ದೇವೆ’ ಅಂತ ಹೆಮ್ಮೆಯ ಘೋಷಣೆ ಬೇರೆ! ಪರೀಕ್ಷೆ ಬರೆಯುವವನೇ ಪಾಸ್ ಮಾರ್ಕ್ಸ್ ಎಷ್ಟು ಅಂತ ತೀರ್ಮಾನಿಸಿದರೆ ಫೇಲ್ ಆಗುವುದಾದರೂ ಹೇಗೆ?

ಹೋಗಲಿ ಬಿಡಿ, ಅದು ವಿಮಾನದ ಪ್ರಯಾಣ. ಮನುಷ್ಯನದ್ದು ನೋಡೋಣ.

ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರ್ ಒಬ್ಬ ಚೆನ್ನೈಗೆ ಹೋಗಬೇಕು ಅಂದುಕೊಳ್ಳಿ. ಅವನ ಆಫೀಸಿನ ಮುಂದಿರುವ ರಸ್ತೆಯೇ ಹೊಸೂರು ದಾಟಿ ಚೆನ್ನೈ ಕಡೆ ಹೋಗುತ್ತದೆ. ಅವನು ಅದಕ್ಕೆ ಬೆನ್ನು ಹಾಕಿ, ಸಿಲ್ಕ್ ಬೋರ್ಡ್‌ನಲ್ಲಿ ನಿಂತು, ಹೆಬ್ಬಾಳದಲ್ಲಿ ಮತ್ತೆ ನಿಂತು, ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ದೇವನಹಳ್ಳಿ ವಿಮಾನ ನಿಲ್ದಾಣ ಸೇರುತ್ತಾನೆ. ಕೊಂಕಣ ಸುತ್ತಿ ಮೈಲಾರಕ್ಕೆ ಹೋದವರು ಇವನನ್ನು ನೋಡಿದ್ದರೆ ‘ಅಯ್ಯೋ ಪಾಪ’ ಅನ್ನುತ್ತಿದ್ದರು. ವಿಮಾನ ಹೊರಡುವ ಒಂದು ಗಂಟೆ ಮೊದಲೇ ಬ್ಯಾಗ್ ಕೌಂಟರ್ ಮುಚ್ಚಿಬಿಡಬಹುದು. ಅದಕ್ಕಿಂತ ಮೊದಲು ಹೋಗಿ ಸಾಲಿನಲ್ಲಿ ನಿಲ್ಲಬೇಕು. ಹೆಬ್ಬಾಳದ ಭಯಕ್ಕೆ ಇನ್ನೊಂದು ಗಂಟೆ ಎತ್ತಿಡಬೇಕು. 20 ನಿಮಿಷದ ಹಾರಾಟಕ್ಕೆ ಅರ್ಧ ದಿನ ರಜೆ!

ತಮಾಷೆ ಅಂದರೆ, 2022ರ ನವೆಂಬರ್ 11ರಂದು ಪ್ರಧಾನಿಯವರು ಒಂದೇ ದಿನ ದೇವನಹಳ್ಳಿಯ ಎರಡನೇ ಟರ್ಮಿನಲ್ ಉದ್ಘಾಟಿಸಿ, ಚೆನ್ನೈಗೆ ಹೋಗುವ ವಂದೇ ಭಾರತ್ ರೈಲಿಗೂ ಹಸಿರು ಬಾವುಟ ತೋರಿಸಿದರು. ರೈಲು ಸುಮಾರು ನಾಲ್ಕೂವರೆ ಗಂಟೆಯಲ್ಲಿ ಊರ ನಡುವಿನಿಂದ ಊರ ನಡುವಿಗೆ ಮುಟ್ಟಿಸುತ್ತದೆ. ಅಷ್ಟು ಹೊತ್ತಿಗೆ ನಮ್ಮ ಎಂಜಿನಿಯರ್ ಚೆನ್ನೈನ ಮೀನಂಬಾಕ್ಕಂ ನಿಲ್ದಾಣದಲ್ಲಿ ಬ್ಯಾಗಿಗೆ ಕಾಯುತ್ತಿದ್ದರೆ ಅವನ ಪುಣ್ಯ.

ಹಾಗಾದರೆ ಊರೊಳಗೇ ಇರುವ ಹಳೇ ಎಚ್‌ಎಎಲ್ ನಿಲ್ದಾಣ? 2008ರ ಮೇ ತಿಂಗಳಲ್ಲೇ ಅಲ್ಲಿಂದ ಪ್ರಯಾಣಿಕರ ವಿಮಾನಗಳು ಎತ್ತಂಗಡಿಯಾದವು. ಮೈಸೂರು, ಹಾಸನ ಬಿಟ್ಟು ದೇವನಹಳ್ಳಿಯಿಂದ 150 ಕಿ.ಮೀ. ಒಳಗೆ 2033ರವರೆಗೆ ಪ್ರಯಾಣಿಕರಿಗೆ ಇನ್ನೊಂದು ನಿಲ್ದಾಣ ಮಾಡಬಾರದು ಅಂತ ಒಪ್ಪಂದವಿದೆ. ಬೆಂಗಳೂರಿನಲ್ಲಿ ದೂರವನ್ನು ಯಾರಾದರೂ ಕಿಲೋಮೀಟರಿನಲ್ಲಿ ಅಳೆಯುತ್ತಾರಾ? ಗಂಟೆಯಲ್ಲಿ ಬರೆಯಬೇಕಿತ್ತು. 150 ಕಿ.ಮೀ. ಅಂದರೆ ಒಳ್ಳೇ ಹೆದ್ದಾರಿಯಲ್ಲಿ ಎರಡು ಗಂಟೆ ದಾರಿ. ಆ ಲೆಕ್ಕದಲ್ಲಿ ಸಂಜೆ ಆರರ ಎಲೆಕ್ಟ್ರಾನಿಕ್ ಸಿಟಿ ಗೆರೆಯ ಆಚೆಗಿದೆ. ಅಲ್ಲೊಂದು ನಿಲ್ದಾಣ ಕಟ್ಟಲು ಯಾವ ಅಡ್ಡಿಯೂ ಇಲ್ಲ. ಸಂಜೆ ಹೊತ್ತು ಮಾತ್ರ ವಿಮಾನ ಹಾರಿಸಿದರಾಯಿತು.