ನಮ್ಮ ಕೆರಿಗಳಾಗ ಗಾಳದ ಟೀಮ್ ಟೂರ್ನಮೆಂಟ್ ಬೇಕೇನು? ಪರ-ವಿರೋಧ

ಪರ: ಅಮೆರಿಕಾದ ಬಾಸ್ ಮೀನ ಬ್ಯಾಡ, ಆ ಆಟ ಬೇಕು

ಗಾಳ ಹಾಕ್ಕೊಂಡು ಕೂಡೂದು ಅಂದ್ರ ಮಾಡಾಕ ಕೆಲಸ ಇಲ್ಲದವ್ರ ಚಟ ಅಂತ ನಮ್ಮ ಹುಬ್ಬಳ್ಳಿ ಮಂದಿ ಯಾವಾಗೋ ತೀರ್ಮಾನ ಮಾಡಿಬಿಟ್ಟಾರ. ಕೆರಿ ದಂಡಿಮ್ಯಾಲ ರಾಡ್ ಹಿಡ್ಕೊಂಡು ನಿಂತ್ರ ವಾಕಿಂಗ್ ಬಂದ ಕಾಕಾಗೋಳು "ಎಷ್ಟ ಬಿದ್ದುವು, ಕೆಜಿ ಹೆಂಗ?" ಅಂತ ರೇಟ್ ಕೇಳ್ತಾರ, ಇದು ಆಟ ರೀ ಕಾಕಾ, ಅದೂ ಇಬ್ಬರು ಸೇರಿ ಆಡೂ ಟೀಮ್ ಆಟ ಅಂತ ಹೇಳಿದ್ರ ನಕ್ಕೋತ ಮುಂದ ಹೋಗ್ತಾರ. ಅಮೆರಿಕಾದಾಗ ಮಾತ್ರ ಇದು ಸಣ್ಣ ವಿಷಯ ಅಲ್ಲ. 1967ರಾಗ ರೇ ಸ್ಕಾಟ್ ಅನ್ನೋ ಒಬ್ಬ ಇನ್ಶೂರನ್ಸ್ ಏಜೆಂಟ ಅರ್ಕಾನ್ಸಾ ರಾಜ್ಯದ ಬೀವರ್ ಲೇಕ್‌ನ್ಯಾಗ ಬಾಸ್ ಮೀನಿನ ಸ್ಪರ್ಧೆ ಇಟ್ಟ, 1971ರಿಂದ ಬಾಸ್‌ಮಾಸ್ಟರ್ ಕ್ಲಾಸಿಕ್ ಅನ್ನೋ ದೊಡ್ಡ ಟೂರ್ನಮೆಂಟ್ ಚಾಲೂ ಆತು, ಇವತ್ತು ಅಲ್ಲಿ ಹೈಸ್ಕೂಲಿಗೂ ಕಾಲೇಜಿಗೂ ಫಿಶಿಂಗ್ ಟೀಮ್ ಅದಾವು. ನಮ್ಮಲ್ಲಿ ಕಾಲೇಜ್ ಹುಡ್ಗೂರು ಕೆರಿ ಕಡೆ ಹೊಂಟ್ರ ಮನ್ಯಾಗ ಬೈಗಳ.

ಟೀಮ್ ಟೂರ್ನಮೆಂಟ್ ಹೆಂಗ ಅಂದ್ರ, ಒಂದು ಬೋಟಿಗೆ ಇಬ್ಬರು, ಬೆಳಕ ಹರಿಯೂ ಹೊತ್ತಿಗೆ ನಂಬರ್ ಪ್ರಕಾರ ಬೋಟ್ ಬಿಡ್ತಾರ, ಮಧ್ಯಾಹ್ನ ಹೇಳಿದ ಟೈಮಿಗೆ ವಾಪಸ್ ಬರಬೇಕು, ತಡಾ ಆದ್ರ ನಿಮಿಷದ ಲೆಕ್ಕದಾಗ ತೂಕ ಕಟ್ ಮಾಡ್ತಾರ, ಭಾಳ ತಡಾ ಆದ್ರ ಆಟದಿಂದನ ಹೊರಗ. ದಿನಾ ಪೂರ್ತಿ ಎಷ್ಟರ ಹಿಡೀರಿ, ತಕ್ಕಡಿಗೆ ಹೋಗೂದು ಸಾಮಾನ್ಯವಾಗಿ ಐದ ಮೀನು, ಅದೂ ಇಬ್ಬರದೂ ಸೇರಿ ಐದು. ಆರನೇದು ದೊಡ್ಡದು ಬಿತ್ತು ಅಂದ್ರ ಇದ್ದದ್ರಾಗ ಸಣ್ಣದನ್ನ ನೀರಿಗೆ ಬಿಡಬೇಕು. ಹಿಡಿದ ಮೀನು ಬೋಟಿನ್ಯಾಗ ಲೈವ್‌ವೆಲ್ ಅನ್ನೋ ತೊಟ್ಟಿಯೊಳಗ ಜೀವಂತ ಇರಬೇಕು, ನೀರಿಗೆ ಗಾಳಿ ಹೊಡಿಯಾಕ ಪಂಪ್ ಇರತೈತಿ, ಸತ್ತ ಮೀನು ತಂದ್ರ ದಂಡ. ತೂಕ ಆದಮ್ಯಾಲ ಎಲ್ಲಾ ಮೀನು ವಾಪಸ್ ನೀರಿಗೆ. ಹಿಡದದ್ದನ್ನ ಕೊಲ್ಲಬ್ಯಾಡ್ರಿ ಅನ್ನೋ ರೂಢಿ ಅಲ್ಲಿ 1972ರಿಂದನ ಬಂದೈತಿ.

ಇದರಾಗ ಮಜಾ ಇರೂದು ತಕ್ಕಡಿಯಾಗ ಅಲ್ಲ, ಇಬ್ಬರ ನಡುವ ನಡಿಯೂ ವಾದದಾಗ. ಅಲಬಾಮಾದ ಗಂಟರ್ಸ್‌ವಿಲ್ ಲೇಕ್ ಸುಮಾರು 69 ಸಾವಿರ ಎಕರೆ ಐತಿ, ಅಷ್ಟ ನೀರಿನ್ಯಾಗ ಮೀನು ಎಲ್ಲಾ ಕಡೆ ಇರೂದಿಲ್ಲ, ಎಲ್ಲೋ ಒಂದು ಮುಳುಗಿದ ರಸ್ತೆ ಅಂಚಿಗೆ, ಎಲ್ಲೋ ಹುಲ್ಲು ಮುಗದು ಆಳ ಚಾಲೂ ಆಗೂ ಗೆರಿಗೆ, ಗಾಳಿ ಬೀಸಿ ಸಣ್ಣ ಮೀನು ಒತ್ತಿಟ್ಟ ದಂಡಿಗೆ ಇರ್ತಾವು. ಒಬ್ಬಂವ ಅಂತಾನ ಇಲ್ಲೇ ಕಾಯೋಣು, ಇನ್ನೊಬ್ಬಂವ ಅಂತಾನ ಹತ್ತು ಮೈಲು ಆಚಿಗೆ ಹೋಗೋಣು. ಮುಂದ ನಿಂತಂವ ಮೋಟರ್ ನಡಸ್ಕೋತ ಜೋರಾಗಿ ಓಡೂ ಲ್ಯೂರ್ (ಗಾಳ ಕಟ್ಟಿದ ನಕಲಿ ಮೀನು) ಒಗದು ಹೋಗ್ತಾನ, ಹಿಂದ ನಿಂತಂವಗ ಸಿಗೂದು ಆಗಲೇ ಗಾಳ ಬಿದ್ದ ಎಂಜಲ ನೀರು, ಅದರಾಗ ಅವ ನಿಧಾನಕ್ಕ ತಳದಾಗ ಎಳೀತಾನ. ಭಾಳ ಸಲ ದೊಡ್ಡದು ಬೀಳೂದು ಹಿಂದಿನವಗನ ನೋಡ್ರಿ! ಒಂದು ಮೀನು ಬೋಟಿನ ತನಕಾ ಬಂದು ತಪ್ಪಿಸ್ಕೊಂಡ್ರ ಆ ಸಿಟ್ಟು ಇಬ್ಬರದೂ, ಬಲಿ ಹಿಡದು ನಿಂತವ ತಪ್ಪಿದ್ನೋ ರೀಲ್ ತಿರುಗಿಸಿದವ ಅವಸರಾ ಮಾಡಿದ್ನೋ ಅನ್ನೋದು ಸಂಜಿತನಕ ಮುಗಿಯೂದಿಲ್ಲ. ಕ್ರಿಕೆಟ್‌ನ್ಯಾಗ ಹನ್ನೊಂದು ಮಂದಿ ನಡುವ ತಪ್ಪು ಮುಚ್ಚಿ ಹೋಗ್ತೈತಿ, ಇಲ್ಲಿ ಹೋಗೂದಿಲ್ಲ.

ಹಂಗಂತ ಬಾಸ್ ಮೀನ ಇಲ್ಲಿಗೆ ತಂದು ಬಿಡ್ರಿ ಅಂತ ನಾ ಸತ್ರೂ ಅನ್ನೂದಿಲ್ಲ. ಜಪಾನಿನವ್ರು 1925ರಾಗ ಆಶಿ ಸರೋವರಕ್ಕ ಅದನ್ನ ತಂದ್ರು, ಎಲ್ಲಾ ಕಡೆ ಹಬ್ಬಿ ಅಲ್ಲಿನ ಸಣ್ಣ ಮೀನ ತಿಂದು ಹಾಕ್ತು, 2005ರಾಗ ಕಾನೂನು ಮಾಡಿ ಅದನ್ನ ಸಾಕೂದು, ಸಾಗಸೂದು, ಹೊಸಾ ನೀರಿಗೆ ಬಿಡೂದು ಬಂದ್ ಮಾಡಬೇಕಾತು. ಇನ್ನೊಂದು ಮಜಾ ಅಂದ್ರ ಜಗತ್ತಿನ ದಾಖಲೆ ಬಾಸ್ ಬಿದ್ದದ್ದೂ ಅದ ಜಪಾನಿನ ಬಿವಾ ಸರೋವರದಾಗ, 2009ರಾಗ, 10 ಕೆಜಿ ಮ್ಯಾಲ. 1932ರಾಗ ಜಾರ್ಜಿಯಾದಾಗ ಆದ ದಾಖಲೆಗೆ ಅದು ಸರಿಸಮ ಆತು. ಅದಿರ್ಲಿ, ನಮಗ ಹೊರಗಿನ ಮೀನ ಯಾಕ ಬೇಕು, ನಮ್ಮ ಕೆರಿಯಾಗ ಮುರಲ್ ಐತಿ. ಹಾವಿನಂಥಾ ತಲಿ, ಹುಲ್ಲಿನ ಕೆಳಗ ಸುಮ್ಮ ಬಿದ್ದಿರತೈತಿ, ಮ್ಯಾಲ ರಬ್ಬರ್ ಕಪ್ಪಿ ಹಾದುಹೋದ್ರ ನೀರು ಒಡದು ಬಂದು ಹೊಡೀತೈತಿ, ಆ ಸಪ್ಪಳಕ್ಕ ಎದಿ ಝಲ್ ಅಂತೈತಿ. ಮ್ಯಾಲಾಗಿ ಅದು ಗಾಳಿ ಉಸಿರಾಡೂ ಮೀನು, ಎರಡು ನಿಮಿಷ ಹೊರಗ ಹಿಡದು ಅಳತಿ ತಗೊಂಡ್ರ ಬಾಸ್‌ನಷ್ಟು ಒದ್ದಾಡೂದಿಲ್ಲ.

ಹಂಗಾಗಿ ನನ್ನ ಲೆಕ್ಕ ಹಿಂಗ ಐತಿ. ಗದಗ ಜಿಲ್ಲಾದ ಡಂಬಳದ ಕೆರಿ ಇರ್ಲಿ, ಹಾವೇರಿ ಜಿಲ್ಲಾದ ಮದಗ-ಮಾಸೂರ ಕೆರಿ ಇರ್ಲಿ, ಮೋಟರ್ ಬೋಟ್ ಇಲ್ಲ, ತಕ್ಕಡಿ ಇಲ್ಲ, ಲೈವ್‌ವೆಲ್ ಇಲ್ಲ. ಅಮೆರಿಕಾದಾಗ ಕಯಾಕ್ ಅನ್ನೋ ಸಣ್ಣ ದೋಣಿಗಳ ಟೂರ್ನಮೆಂಟ್‌ನ್ಯಾಗ ಮಾಡಿದಂಗ ಅಳತಿ ಪಟ್ಟಿ ಮ್ಯಾಲ ಮೀನ ಇಟ್ಟು, ಪಕ್ಕದಾಗ ಆ ದಿನದ ಟೋಕನ್ ಇಟ್ಟು ಒಂದು ಫೋಟೋ ಹೊಡೀಬೇಕು, ಅಲ್ಲೇ ಬಿಡಬೇಕು. ತೂಕ ಇಲ್ಲ, ಬರೇ ಸೆಂಟಿಮೀಟರ್ ಕೂಡಸೂದು. ಹಿಮ್ಮುಖ ಮುಳ್ಳಿಲ್ಲದ ಗಾಳ, ಎಲ್ಲಾರ ಮೈಮ್ಯಾಲ ಲೈಫ್ ಜಾಕೆಟ್, ಮತ್ತ ಪ್ರತಿ ಟೀಮಿಗೆ ಊರಿನ ಅಂಬಿಗರ ತೆಪ್ಪ, ಅದಕ್ಕ ದಿನದ ಪಗಾರ ನಾವ ಕೊಡೂದು. ಕಾವೇರಿ ಮ್ಯಾಲ ಭೀಮೇಶ್ವರಿ, ಗಾಳಿಬೋರೆ ಕ್ಯಾಂಪ್‌ಗಳಾಗ ಮಹಶೀರ್ ಅನ್ನೋ ದೊಡ್ಡ ಹೊಳಿ ಮೀನ ಹಿಡದು ಬಿಡೂ ಆಟ ನಡೀತಿದ್ದಾಗ ಮೊದಲ ಕಳ್ಳತನದಿಂದ ಮೀನ ಹೊಡೀತಿದ್ದವ್ರ ಗೈಡ್ ಆಗಿ ನದಿ ಕಾದ್ರು, ಜೀವಂತ ಮೀನಿನಿಂದ ಪಗಾರ ಬರತೈತಿ ಅಂದ್ರ ಸಿಡಿಮದ್ದು ಹಾಕಾಕ ಯಾರಿಗೆ ಮನಸ್ಸು ಬರತೈತಿ?

ಈಗ ನಮ್ಮ ಕೆರಿ ಕಡೆ ನೋಡೂರ ಯಾರು? ಅಂತರಗಂಗಿ ಬೆಳದು ನೀರ ಕಾಣದಂಗಾದಾಗ ಪೇಪರಿನ್ಯಾಗ ಒಂದು ಫೋಟೋ, ಗಟಾರ ನೀರು ಸೇರಿ ಮೀನ ಸತ್ತು ತೇಲಿದಾಗ ಮತ್ತೊಂದು ಫೋಟೋ, ಮರುದಿನಾ ಎಲ್ಲಾರೂ ಮರೀತಾರ. ಗಾಳದವ್ರಿಗೆ ಹಂಗ ಮರಿಯಾಕ ಆಗೂದಿಲ್ಲ, ಯಾವ ಮೂಲ್ಯಾಗ ನೀರಿನ ಬಣ್ಣ ಬದಲಾತು, ಯಾವ ಕಡೆಯಿಂದ ಹೊಲಸು ಬಂತು ಅಂತ ಅವ್ರಿಗೆ ಮೊದಲ ಗೊತ್ತಾಗ್ತೈತಿ. ಒಂದು ಐತವಾರ, ಹತ್ತು ತೆಪ್ಪ, ಇಪ್ಪತ್ತು ಮಂದಿ, ಮೀನುಗಾರಿಕೆ ಇಲಾಖೆ ಪರ್ಮಿಶನ್ ತಗೊಂಡು ಮಾಡಿ ನೋಡೋಣು ಅನ್ನೂದಷ್ಟ ನನ್ನ ಮಾತು.

ವಿರೋಧ: ಯಾರ ಮೀನು, ಯಾವ ತಿಂಗಳು?

ನಮ್ಮ ಹುಬ್ಬಳ್ಳಿ ದೋಸ್ತ ಹೇಳಿದ್ದು ಕೇಳಲಿಕ್ಕೆ ಭಾಳ ಚಲೋ ಅದ, ಹಿಂದ ನಿಂತವಗ ದೊಡ್ಡ ಮೀನ ಬೀಳೋ ಸುದ್ದಿ ಓದಿ ನನಗೂ ಒಂದು ಗಳಿಗಿ ರಾಡ್ ಹಿಡೀಬೇಕು ಅನಸ್ತು. ಆದ್ರ ಇಡೀ ಬರಹದಾಗ ಒಂದು ಪ್ರಶ್ನೆ ಅಂವ ಕೇಳಲೇ ಇಲ್ಲ. ಆ ಮೀನು ಯಾರದು?

ನಮ್ಮ ಕಡೆ ಕೆರಿ ಅಂದ್ರ ಖಾಲಿ ಬಿದ್ದ ಮೈದಾನ ಅಲ್ಲ. ದೊಡ್ಡ ಕೆರಿ ಮೀನುಗಾರಿಕೆ ಇಲಾಖೆ ಕೈಯಾಗ, ಸಣ್ಣವು ಪಂಚಾಯ್ತಿ ಕೈಯಾಗ, ಮೀನು ಹಿಡಿಯೋ ಹಕ್ಕು ಟೆಂಡರಿನ್ಯಾಗೋ ಗುತ್ತಿಗಿ ಮ್ಯಾಲೋ ಮೀನುಗಾರರ ಸಹಕಾರ ಸಂಘಕ್ಕೋ ಯಾವನೋ ಗುತ್ತಿಗಿದಾರಗೋ ಹೋಗಿರ್ತದ. ಅವರು ರೊಕ್ಕ ತುಂಬಿ ಕಾಟ್ಲಾ, ರೋಹು, ಮೃಗಾಲ ಮರಿ ತಂದು ಬಿಟ್ಟಿರ್ತಾರ, ಮಳಿ ಕೈಕೊಟ್ರ ಆ ರೊಕ್ಕ ನೀರಿನ ಜೋಡಿನ ಆವಿ ಆಗಿ ಹೋಗ್ತದ. ಈಗ ನೋಡ್ರಿ, ನೀವು ಹಿಡದು ಮುತ್ತು ಕೊಟ್ಟು ವಾಪಸ್ ಬಿಡೋ ಮುರಲ್ ಇದೆಯಲ್ಲ, ಅದು ಅವರು ಬಿಟ್ಟ ಮರಿ ತಿನ್ನೋ ಮೀನು, ಸಾಕಣಿ ಮಾಡೋರು ಮೊದಲ ಅದನ್ನ ತಗದ ಆಮ್ಯಾಲ ಮರಿ ಬಿಡಬೇಕು ಅಂತ ನೋಡ್ತಾರ. ಮ್ಯಾಲ ಸಂತಿಯಾಗ ಅದಕ್ಕ ಕಾಟ್ಲಾಕ್ಕಿಂತ ಜಾಸ್ತಿ ರೇಟು. ಅಂಥಾ ಮೀನನ್ನ ಪ್ಯಾಂಟು ಟೋಪಿ ಹಾಕ್ಕೊಂಡ ಇಪ್ಪತ್ತು ಮಂದಿ ಬಂದು ಹಿಡದು, ಫೋಟೋ ಹೊಡದು, ಗುತ್ತಿಗಿ ತುಂಬಿದವನ ಕಣ್ಣ ಮುಂದ ವಾಪಸ್ ನೀರಿಗೆ ಬಿಟ್ರ ಅಂವ ಚಪ್ಪಾಳಿ ಹೊಡಿತಾನೇನು? ತೆಪ್ಪಕ್ಕ ಒಂದು ದಿನದ ಪಗಾರ ಕೊಟ್ರ ಈ ಲೆಕ್ಕ ಚುಕ್ತಾ ಆಗೋದಿಲ್ಲ.

ಇನ್ನ ಮೀನಿನ ಮಾತು. ಮುರಲ್ ಗಾಳಿ ಉಸಿರಾಡ್ತದ, ಖರೇ. ಆದ್ರ ಅಂವ ಅರ್ಧಾ ಅಷ್ಟ ಹೇಳ್ಯಾನ. ಮಳಿಗಾಲದಾಗ ಅದು ಮರಿ ಮಾಡ್ತದ, ಮರಿ ಕೆಂಪಗ ಗುಂಪಾಗಿ ನೀರಿನ ಮ್ಯಾಲ ಗುಳುಗುಳು ಅಂತಿರ್ತಾವು, ಕೆಳಗ ತಂದಿ-ತಾಯಿ ಕಾವಲ ಕಾಯ್ತಾವು. ಗಾಳದವ್ರಿಗೆ ಅದ ಗುರ್ತು. ಆ ಗುಂಪಿನ ಮ್ಯಾಲ ಕಪ್ಪಿ ಒಗದ್ರ ಹಸಿವಿಗಲ್ಲ, ಮರಿ ಕಾಯೋ ಸಿಟ್ಟಿಗೆ ಅದು ಬಾಯಿ ಹಾಕ್ತದ. ಅದನ್ನ ಎಳದು, ಅಳದು, ಫೋಟೋ ಹೊಡದು ಬಿಡೋದ್ರಾಗ ಮರಿ ಉಳಿದ ಮೀನಿನ ಬಾಯಿಗೆ. ಬಾಸ್ ಕತಿನೂ ಹಂಗ, ಅಲ್ಲಿ ಗಂಡು ಮೀನು ಗೂಡು ಕಾಯ್ತದ, ಅದನ್ನ ಲೈವ್‌ವೆಲ್‌ನ್ಯಾಗ ಹಾಕ್ಕೊಂಡು ಹತ್ತಾರು ಮೈಲು ಆಚಿ ತೂಕದ ಕಟ್ಟಿಗೆ ಒಯ್ದು ಅಲ್ಲೇ ಬಿಟ್ರ ಗೂಡಿಗೆ ಹೊತ್ತಿಗೆ ಸರಿಯಾಗಿ ಹೋಗಿ ಮುಟ್ಟೋದು ಎಲ್ಲಿಂದ? ಬಿಟ್ಟಾಗ ಈಜಿ ಹೋದ ಮೀನು ಬದುಕ್ತು ಅಂತ ಬರಕೊಳ್ಳೋದೂ ಸುಲಭ, ಬ್ಯಾಸಗಿಯಾಗ ಬಿಸಿ ನೀರಿನ್ಯಾಗ ಆಮ್ಲಜನಕ ಕಡಿಮಿ ಇರ್ತದ, ದಣದ ಮೀನು ಎರಡು ದಿನಾ ಬಿಟ್ಟು ಸಾಯ್ತಾವು, ಅವತ್ತು ಪೆಂಡಾಲ್ ಬಿಚ್ಚಿ ಎಲ್ಲಾರೂ ಮನಿಗೆ ಹೋಗಿರ್ತಾರ.

ಹಂಗಾದ್ರ ಯಾವ ತಿಂಗಳು ಮಾಡ್ತೀರಿ ಹೇಳ್ರಿ. ಮಳಿಗಾಲ ಮರಿ ಕಾಲ. ಬ್ಯಾಸಗಿ ಅಂದ್ರ ಗದಗ ಕಡೆ ಕೆರಿ ತಳ ಕಾಣೋ ಹೊತ್ತು, ಇದ್ದ ನೀರು ದನಕ್ಕ ಬೇಕು. ಉಳದದ್ದು ಚಳಿಗಾಲ, ಆವಾಗ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಗದಗ ಜಿಲ್ಲಾದ ಮಾಗಡಿ ಕೆರಿಗೆ ಬರ್ತಾವು, 2024ರಾಗ ಆ ಕೆರಿ ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸರ್ ಪಟ್ಟಿಗೂ ಸೇರ್ಯದ. ಮಾಗಡಿಯಾಗ ಗಾಳ ಹಾಕ್ತೀನಿ ಅಂತ ದೋಸ್ತ ಏನೂ ಅಂದಿಲ್ಲ, ಅಷ್ಟು ತಿಳುವಳಿಕಿ ಅಂವಗದ. ಆದ್ರ ಹಕ್ಕಿಗೆ ತಾಲೂಕಿನ ಗಡಿ ಗೊತ್ತಿಲ್ಲ, ಸುತ್ತಲಿನ ಹೊಲಕ್ಕೂ ನೀರಿಗೂ ಇಳೀತಾವು, ಮತ್ತ ಕೊಕ್ಕರಿ, ನೀರಕಾಗಿ ಎಲ್ಲಾ ಕೆರಿಯಾಗೂ ಅದಾವು. ಗಿಡದಾಗ ಸಿಕ್ಕಿಬಿದ್ದು ಹರದ ನೈಲಾನ್ ದಾರ ಯಾರ ಬಿಡಿಸಿಕೊಂಡು ಮನಿಗೆ ಒಯ್ದಾರ? ಅದು ಹಕ್ಕಿ ಕಾಲಿಗೆ.

ನನ್ನ ದೊಡ್ಡ ಹೆದರಿಕಿ ಮಾತ್ರ ಇನಾಮಿಂದು. ಮೊದಲ ವರ್ಷ ಟ್ರೋಫಿ, ಶಾಲು. ಎರಡನೇ ವರ್ಷ ಯಾವನೋ ಲೀಡರ್ ಬರ್ತ್‌ಡೇ, ಫ್ಲೆಕ್ಸ್ ಬೋರ್ಡು, ಮೊದಲ ಬಹುಮಾನ ಬೈಕು. ಹಾವೇರಿ ಕಡೆ ಕೊಬ್ಬರಿ ಹೋರಿ ಹಬ್ಬ ನೋಡಿದವ್ರಿಗೆ ಇದು ಹೊಸಾ ಮಾತಲ್ಲ, ಕೊರಳಾಗಿನ ಕೊಬ್ಬರಿ ಹಾರಕ್ಕ ಓಡ್ತಿದ್ದ ಆಟಕ್ಕ ಬೈಕು ಬಂಗಾರ ಬಂದು ನಿಂತಾವು, ಗದ್ದಲಾನೂ ಹಂಗ ಬೆಳದದ. ಅಮೆರಿಕಾದವ್ರು ನಿಯಮದಾಗ ನಮಗಿಂತ ಶಿಸ್ತಿನವ್ರು, ಗೆದ್ದವ್ರನ್ನ ಸುಳ್ಳು ಪತ್ತೆ ಯಂತ್ರಕ್ಕ ಕೂಡಸ್ತಾರ. ಅಂಥಲ್ಲಿ 2022ರ ಸೆಪ್ಟೆಂಬರಿನ್ಯಾಗ ಈರೀ ಸರೋವರದ ಟೂರ್ನಮೆಂಟ್ ಒಳಗ ಏನಾತು? ಅದು ಬಾಸ್ ಅಲ್ಲ, ವಾಲೈ ಅನ್ನೋ ಮೀನು, ಆದ್ರ ಆಟ ಇದ, ಇಬ್ಬರ ಟೀಮು, ಐದು ಮೀನು. ನೋಡಿದ್ರ 20 ಪೌಂಡ್ ಇರಬೇಕಾದ ಮೀನು ತಕ್ಕಡಿ ಮ್ಯಾಲ ಸುಮಾರು 34 ಪೌಂಡ್ ತೂಗಿದ್ವು, ನಡಸೋರಿಗೆ ಡೌಟ್ ಬಂದು ಎಲ್ಲಾರ ಮುಂದ ಹೊಟ್ಟಿ ಕೊಯ್ದ್ರ ಒಳಗ ಸೀಸದ ಗುಂಡು, ಜೋಡಿಗೆ ಬ್ಯಾರೆ ಮೀನಿನ ತುಂಡು! ಇನಾಮು 28 ಸಾವಿರ ಡಾಲರ್ ಮ್ಯಾಲಿತ್ತು. ಇಬ್ಬರೂ ಮುಂದ ಕೋರ್ಟಿನ್ಯಾಗ ತಪ್ಪು ಒಪ್ಪಿದ್ರು, ಹತ್ತು ದಿನಾ ಜೈಲು, ಬೋಟೂ ಹೋತು. ಫೋಟೋ ಇದ್ರ ಮೋಸ ಆಗೋದಿಲ್ಲ ಅಂತೀರೇನು, ಒಂದ ಮೀನನ್ನ ಎರಡು ತೆಪ್ಪದವ್ರು ಎರಡು ಟೋಕನ್ ಇಟ್ಟು ಹೊಡದ್ರ ಯಾರ ಕೇಳೋರು?

ಸಾಮಾನಿನ ಪೈಪೋಟಿನೂ ಅದ. ಅಲ್ಲಿ ಇನ್ನೂರಕ್ಕ ಮ್ಯಾಲ ಹಾರ್ಸ್‌ಪವರ್ ಎಂಜಿನ್ನು, ಮೀನು ಲ್ಯೂರ್ ಹಿಂದ ಬರೋದನ್ನ ಟೀವಿಯಾಗ ನೋಡಿದಂಗ ತೋರಿಸೋ ಸೋನಾರು, ಅದನ್ನ ಇಡಬೇಕೋ ತಗೀಬೇಕೋ ಅಂತ ಅಲ್ಲೇ ಜಗಳಾ ನಡದಾವು. ನಮ್ಮಲ್ಲಿ ಮೊದಲ ತೆಪ್ಪ ಅಂತೀರಿ, ಆಮ್ಯಾಲ ರೊಕ್ಕ ಇದ್ದವ ಮೋಟರ್ ತರ್ತಾನ, ಬ್ಯಾಡ ಅನ್ನೋ ಧೈರ್ಯ ಯಾರಿಗದ? ಜಾಕೆಟ್ ಹಾಕಿದ್ರೂ ನಮ್ಮ ಕೆರಿ ಬ್ಯಾರೆ ಜಾತಿವು, ಮಣ್ಣು ತಗದ ಗುಂಡಿ ನೀರ ಕೆಳಗ ಎಲ್ಲೆಲ್ಲಿ ಅದಾವು ಅನ್ನೋದು ಊರವ್ರಿಗೂ ಪಕ್ಕಾ ಗೊತ್ತಿರೋದಿಲ್ಲ, ಮುಳುಗಿದವ್ರ ಸುದ್ದಿ ವರ್ಷಾ ಪೇಪರಿನ್ಯಾಗ ಓದ್ತೀವಿ.

ನಾ ಗಾಳದ ವೈರಿ ಅಲ್ಲ. ಇಬ್ಬರು ಗೆಳ್ಯಾರು ಗುತ್ತಿಗಿದಾರನ್ನ ಕೇಳಿ, ಬುತ್ತಿ ಕಟ್ಟಿಕೊಂಡು ಹೋಗಿ ಸಂಜಿತನಕ ಕೂತು ಬಂದ್ರ ನನಗೇನು ತಕರಾರಿಲ್ಲ, ಬಿದ್ರ ಒಂದೆರಡು ಸಾರಿಗೂ ಆಗ್ತಾವು. ಗಡಿಯಾರ ಮತ್ತ ಇನಾಮು ಎರಡೂ ಕೂಡಿ ಬಂದಾಗ ಅದ ಗೆಳ್ಯಾರು ಮರಿ ಕಾಯೋ ಮೀನಿನ ಮ್ಯಾಲ ಕಪ್ಪಿ ಒಗೀತಾರ, ಯಾಕಂದ್ರ ಇನ್ನ ಹತ್ತ ನಿಮಿಷ ಉಳದಿರ್ತಾವು. ಸ್ಪರ್ಧೆ ಬೇಕ ಬೇಕು ಅಂದ್ರ ಧಾರವಾಡಕ್ಕ ಬರ್ರಿ, ಯಾವುದರ ಕಾಲೇಜ್ ಗ್ರೌಂಡಿನ್ಯಾಗ ಹಳೇ ಟೈರ್ ಇಟ್ಟು, ಗಾಳ ಬಿಚ್ಚಿ ಬರೇ ಗುಂಡು ಕಟ್ಟಿ ಯಾರು ದೂರ ಒಗೀತಾರ, ಯಾರು ಟೈರಿನೊಳಗ ಹಾಕ್ತಾರ ನೋಡೋಣ. ಅಂಪೈರ್ ನಾ ಆಗ್ತೀನಿ, ಗಿರ್ಮಿಟ್ ಚಹಾದ ಖರ್ಚೂ ನಂದ.