ಇಂಪ್ಲಾಂಟ್ ಕೂರಿಸುವವರು ಯಾರೆಂದು ಮೊದಲು ಕೇಳಿ

ಹಲ್ಲಿನ ಇಂಪ್ಲಾಂಟ್, ಎಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ, ಹಾಕಿಸಿಕೊಳ್ಳಬೇಕೆಂದಿರುವ ಪರಿಚಿತರು ಮಾತಿಗೆ ಸಿಕ್ಕಾಗ ಅವರ ಮೊದಲ ಪ್ರಶ್ನೆ ಒಂದು ಹಲ್ಲಿಗೆ ಎಷ್ಟಾಗುತ್ತದೆ ಎಂಬುದು, ಎರಡನೆಯದು ಯಾವ ಕಂಪನಿಯದು ಒಳ್ಳೆಯದು ಎಂಬುದು. ಎರಡೂ ಕೇಳಬೇಕಾದವೇ. ಆದರೆ ಅವುಗಳಿಗಿಂತ ಮೊದಲು ಕೇಳಬೇಕಾದ, ನಮ್ಮಲ್ಲಿ ಬಹಳ ಮಂದಿ ಸಂಕೋಚದಿಂದ ನುಂಗಿಕೊಳ್ಳುವ ಪ್ರಶ್ನೆ ಬೇರೆ ಇದೆ: ನನ್ನ ದವಡೆಯ ಮೂಳೆಯನ್ನು ಕೊರೆಯುವ ವೈದ್ಯರು ಯಾರು, ಅವರು ಯಾವ ವಿಭಾಗದಲ್ಲಿ ಓದಿದ್ದಾರೆ, ನಾಳೆ ತೊಂದರೆಯಾದರೆ ನೋಡುವವರು ಅವರೇ ಏನು?

ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳಲು ಕಾರಣವಿದೆ. ಜಯನಗರ, ಮಲ್ಲೇಶ್ವರ, ರಾಜಾಜಿನಗರ ಎಲ್ಲಿಗೆ ಹೋದರೂ ಇಂಪ್ಲಾಂಟ್ ಎಂದು ಬರೆದ ಬೋರ್ಡುಗಳು ಕಾಣುತ್ತವೆ. ಹಲವು ಕ್ಲಿನಿಕ್‌ಗಳಲ್ಲಿ ಬೋರ್ಡಿನ ಮೇಲೆ ಹೆಸರಿರುವ ವೈದ್ಯರು ನಮ್ಮನ್ನು ಪರೀಕ್ಷಿಸುತ್ತಾರೆ; ಇಂಪ್ಲಾಂಟ್ ಕೂರಿಸಲು ಹೊರಗಿನಿಂದ ಬೇರೊಬ್ಬ ತಜ್ಞರು ಗೊತ್ತುಮಾಡಿದ ದಿನ ಬಂದು ಹೋಗುತ್ತಾರೆ; ಕೆಲವು ತಿಂಗಳ ನಂತರ ಕ್ಯಾಪ್ ಹಾಕುವವರು ಮತ್ತೊಬ್ಬರಾಗಿರಬಹುದು. ಈ ಏರ್ಪಾಡಿನಲ್ಲಿ ತಪ್ಪಿಲ್ಲ, ಎಷ್ಟೋ ಬಾರಿ ರೋಗಿಗೆ ಇದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಆ ತಜ್ಞರ ಹೆಸರು ಮುಂಚಿತವಾಗಿ ತಿಳಿಯದೆ, ಅವರೊಡನೆ ಒಂದು ಮಾತೂ ಆಡದೆ, ಅರಿವಳಿಕೆಯ ಚುಚ್ಚುಮದ್ದು ಕೊಟ್ಟ ಮೇಲೆ ಅವರ ಮುಖ ನೋಡುವಂತಾಗುವುದು ಸರಿಯಲ್ಲವೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಓದಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬಿಡಿಎಸ್ ಎಂಬುದು ಇಂಟರ್ನ್‌ಶಿಪ್ ಸೇರಿ 5 ವರ್ಷದ ದಂತವೈದ್ಯ ಪದವಿ. ಅದರ ಮೇಲೆ ಸ್ನಾತಕೋತ್ತರ ಪದವಿಯಾದ ಎಂಡಿಎಸ್ 3 ವರ್ಷ. ಇಂಪ್ಲಾಂಟಿಗೆ ಹತ್ತಿರವಾದ ಎಂಡಿಎಸ್ ವಿಭಾಗಗಳು ಮುಖ್ಯವಾಗಿ ಮೂರು: ಕೃತಕ ಹಲ್ಲುಗಳಿಗೆ ಸಂಬಂಧಿಸಿದ ಪ್ರಾಸ್ಥೊಡಾಂಟಿಕ್ಸ್, ವಸಡಿಗೆ ಸಂಬಂಧಿಸಿದ ಪೀರಿಯೊಡಾಂಟಿಕ್ಸ್, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ. ಬಿಡಿಎಸ್ ಮಾಡಿ, ನಂತರ ಶ್ರದ್ಧೆಯಿಂದ ತರಬೇತಿ ಪಡೆದು, ವರ್ಷಗಟ್ಟಲೆ ಇದೇ ಕೆಲಸದಲ್ಲಿ ಕೈ ಪಳಗಿಸಿಕೊಂಡ ವೈದ್ಯರೂ ಇದ್ದಾರೆ. ಅವರನ್ನು ಡಿಗ್ರಿ ನೋಡಿ ತಳ್ಳಿಹಾಕುವುದು ಅನ್ಯಾಯ. ಆದರೆ ಗೋಡೆಯ ಮೇಲಿನ ಇಂಪ್ಲಾಂಟ್ ಸರ್ಟಿಫಿಕೇಟು ಕೆಲವೇ ದಿನಗಳ ಕೋರ್ಸಿನದೂ ಆಗಿರಬಹುದು, ಒಂದೆರಡು ವರ್ಷದ ಅಭ್ಯಾಸದ್ದೂ ಆಗಿರಬಹುದು. ಚೌಕಟ್ಟು ಹಾಕಿಸಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಎಲ್ಲಿ ಕಲಿತಿರಿ, ನನ್ನಂಥ ದವಡೆಯಲ್ಲಿ ಮೊದಲು ಮಾಡಿದ್ದೀರಾ ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಕರ್ನಾಟಕ ರಾಜ್ಯ ದಂತವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಬಹುದು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕ್ಲಿನಿಕ್ಕಿಗೂ ನೋಂದಣಿ ಇರಬೇಕು.

ಕೈಚಳಕ ಇಷ್ಟೊಂದು ಮುಖ್ಯವಾಗುವುದೇಕೆಂದರೆ, ಇಲ್ಲಿ ಕೆಲಸ ನಡೆಯುವುದು ಜೀವಂತ ಮೂಳೆಯಲ್ಲಿ. ಕೊರೆಯುವಾಗ ನೀರು ಹಾಯಿಸಿ ತಣ್ಣಗಿಡದಿದ್ದರೆ, ಮೂಳೆಯ ಬಿಸಿ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಒಂದು ನಿಮಿಷ ಹಾಗೆಯೇ ಉಳಿದರೂ ಅಲ್ಲಿನ ಜೀವಕೋಶಗಳಿಗೆ ಹಾನಿಯಾಗುತ್ತದೆ, ಹಾನಿಯಾದ ಮೂಳೆಗೆ ಟೈಟಾನಿಯಂ ಸರಿಯಾಗಿ ಬೆಸೆದುಕೊಳ್ಳುವುದಿಲ್ಲ. ಕೆಳದವಡೆಯೊಳಗೆ ಹಾದುಹೋಗುವ ನರಕ್ಕೆ ಪೆಟ್ಟಾದರೆ ತುಟಿ ಮತ್ತು ಗಲ್ಲ ಜೋಮು ಹಿಡಿದಂತೆ ಉಳಿದುಬಿಡಬಹುದು. ಮೇಲ್ದವಡೆಯ ಹಿಂಭಾಗದಲ್ಲಿ ಮೂಳೆಯ ಮೇಲೆಯೇ ಸೈನಸ್ ಎಂಬ ಗಾಳಿ ತುಂಬಿದ ಪೊಳ್ಳು ಇರುತ್ತದೆ, ಕೊರೆಯುವಾಗ ಅದರೊಳಕ್ಕೆ ತೂರಬಾರದು. ಈ ಕಾರಣಕ್ಕೆ ಮೂಳೆಯ ಎತ್ತರ, ಅಗಲ, ನರದ ದಾರಿ ಮೂರನ್ನೂ ತೋರಿಸುವ ಸಿಬಿಸಿಟಿ ಸ್ಕ್ಯಾನ್‌ಗೆ ಅಷ್ಟು ಬೆಲೆ. ಚಿಕ್ಕ ಎಕ್ಸ್‌ರೇ ಒಂದನ್ನೇ ನೋಡಿ ನಾಳೆಯೇ ಬನ್ನಿ ಎನ್ನುವವರಿಗಿಂತ, ಸ್ಕ್ಯಾನ್ ಮಾಡಿಸಿ, ಅದನ್ನು ಪರದೆಯ ಮೇಲೆ ನಿಮಗೂ ತೋರಿಸಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ಸಿಗರೇಟು ಸೇದುತ್ತೀರಾ, ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀರಾ, ವಸಡಿನಲ್ಲಿ ಕೀವು ರಕ್ತ ಇದೆಯೇ ಎಂದು ಬಿಡಿಸಿ ಬಿಡಿಸಿ ಕೇಳುವವರನ್ನು ನಾನು ಆರಿಸಿಕೊಳ್ಳುತ್ತೇನೆ. ನಿಮಗೆ ಇಂಪ್ಲಾಂಟ್ ಬೇಡ, ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಬ್ರಿಡ್ಜೇ ಸಾಕು ಎನ್ನುವ ವೈದ್ಯರು ಸಿಕ್ಕರೆ ಅವರ ಮಾತಿಗೆ ಇನ್ನೂ ಹೆಚ್ಚು ಬೆಲೆ ಕೊಡುತ್ತೇನೆ.

ಅವಸರದ ಜಾಹೀರಾತುಗಳ ಬಗ್ಗೆಯೂ ಹೇಳಲೇಬೇಕು. ಸ್ವೀಡನ್ನಿನ ವೈದ್ಯ ವಿಜ್ಞಾನಿ ಬ್ರೊನೆಮಾರ್ಕ್ ಅವರು 1965ರಲ್ಲಿ ಟೈಟಾನಿಯಂ ಇಂಪ್ಲಾಂಟ್ ಹಾಕಿದ ಮೊದಲ ರೋಗಿ ಸುಮಾರು 40 ವರ್ಷ, ಸಾಯುವ ತನಕ, ಅದೇ ಹಲ್ಲುಗಳಲ್ಲಿ ಊಟ ಮಾಡಿದರು. ಮೂಳೆ ಲೋಹವನ್ನು ಹಿಡಿದುಕೊಳ್ಳಲಿ ಎಂದು ಆ ಪದ್ಧತಿಯಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಇಂದು ಮೂಳೆ ಗಟ್ಟಿಯಾಗಿದ್ದು, ಇಂಪ್ಲಾಂಟ್ ಬಿಗಿಯಾಗಿ ಕೂತರೆ ಅದೇ ದಿನ ತಾತ್ಕಾಲಿಕ ಹಲ್ಲು ಕೊಡುವುದು ಸಾಧ್ಯ, ಅದು ಸುಳ್ಳಲ್ಲ. ಆದರೆ ಬಾಯಿಯನ್ನೇ ನೋಡದೆ ಎಲ್ಲರಿಗೂ ಒಂದೇ ದಿನದಲ್ಲಿ ಹಲ್ಲು ಎಂದು, ಅದರ ಮೇಲೆ ಜೀವಮಾನದ ಗ್ಯಾರಂಟಿ ಎಂದು ಬರೆಯುವವರ ಹತ್ತಿರ ಆ ಗ್ಯಾರಂಟಿ ಲೋಹದ ತುಂಡಿಗೋ, ಮೇಲಿನ ಕ್ಯಾಪಿಗೋ, ಮತ್ತೆ ಮಾಡುವ ಶಸ್ತ್ರಚಿಕಿತ್ಸೆಯ ಖರ್ಚಿಗೋ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ದರದ ಮಾತೂ ಹಾಗೆಯೇ. ಕಡಿಮೆ ಎಂದು ಕಂಡ ಮೊತ್ತದಲ್ಲಿ ಸ್ಕ್ಯಾನ್, ಇಂಪ್ಲಾಂಟಿಗೂ ಕ್ಯಾಪಿಗೂ ನಡುವೆ ಕೂರುವ ಅಬಟ್‌ಮೆಂಟ್ ಎಂಬ ತುಂಡು, ಕ್ಯಾಪ್, ಅಗತ್ಯ ಬಿದ್ದರೆ ಮೂಳೆ ತುಂಬುವ ಖರ್ಚು ಸೇರಿದೆಯೇ ಎಂದು ವಿಚಾರಿಸಿ.

ನಮ್ಮ ಅತ್ತಿಗೆಯವರು ಪಟ್ಟ ಪಾಡು ನೋಡಿದ ಮೇಲೆ ದಾಖಲೆಯ ವಿಷಯದಲ್ಲಿ ನಾನು ಯಾರನ್ನೂ ಬಿಡದೆ ಪೀಡಿಸುತ್ತೇನೆ. ಅವರಿಗೆ ಇಂಪ್ಲಾಂಟ್ ಹಾಕಿದ್ದ ಕ್ಲಿನಿಕ್ ಕೆಲವು ವರ್ಷಗಳಲ್ಲಿ ಮುಚ್ಚಿತು. ಆಮೇಲೆ ಕ್ಯಾಪ್ ಅಲುಗಾಡತೊಡಗಿ ಬೇರೆ ವೈದ್ಯರಲ್ಲಿ ಹೋದಾಗ ಅವರು ಕೇಳಿದ ಮೊದಲ ಮಾತು, ಇದು ಯಾವ ಕಂಪನಿಯದು, ಅಳತೆ ಎಷ್ಟು ಎಂದು. ಅತ್ತಿಗೆಯ ಕೈಯಲ್ಲಿದ್ದದ್ದು ಒಟ್ಟು ಮೊತ್ತ ಬರೆದ ರಸೀದಿ ಮಾತ್ರ. ಒಂದೊಂದು ಕಂಪನಿಯ ಒಳಜೋಡಣೆಯೂ ಸ್ಕ್ರೂವೂ ಒಂದೊಂದು ಬಗೆಯವಾದ್ದರಿಂದ, ಎಕ್ಸ್‌ರೇಯಲ್ಲಿ ಆಕಾರ ನೋಡಿ ಅಂದಾಜು ಮಾಡಿ, ಹೊಂದುವ ಬಿಡಿಭಾಗ ಹುಡುಕಿಸಿ ತರುವಷ್ಟರಲ್ಲಿ ಆ ವೈದ್ಯರೂ ದಣಿದರು, ಅತ್ತಿಗೆಯೂ ಸೋತರು. ಇಂಪ್ಲಾಂಟ್ ಪೊಟ್ಟಣದ ಮೇಲೆ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಸ್ಟಿಕರ್ ಇರುತ್ತದೆ. ಅದನ್ನು ಅಂಟಿಸಿದ ಕಾರ್ಡನ್ನು ಶಸ್ತ್ರಚಿಕಿತ್ಸೆಯ ದಿನವೇ ಕೇಳಿ ಪಡೆಯಿರಿ.

ಸ್ಕ್ಯಾನಿನ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ, ಹಣ ಕೊಟ್ಟವರು ನೀವು. ಅದನ್ನು ಹಿಡಿದು ಇನ್ನೊಬ್ಬರ ಅಭಿಪ್ರಾಯ ಪಡೆಯುವುದಕ್ಕೆ ಮೊದಲ ವೈದ್ಯರು ಬೇಸರಪಟ್ಟುಕೊಳ್ಳಬೇಕಾಗಿಲ್ಲ. ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ನಗರದಲ್ಲಿ ಖಾಸಗಿ ದಂತ ಕಾಲೇಜುಗಳೂ ಹಲವಿವೆ. ಅಂಥ ಕಡೆ ಕಾಯುವುದು ಹೆಚ್ಚು, ಆದರೆ ಮೇಲೆ ಹೇಳಿದ ಮೂರೂ ವಿಭಾಗಗಳ ತಜ್ಞರು ಒಂದೇ ಸೂರಿನಡಿ ಸಿಗುತ್ತಾರೆ, ಮತ್ತು ಇಂಪ್ಲಾಂಟ್ ಮಾರಲೇಬೇಕೆಂಬ ಒತ್ತಡ ಅವರ ಮೇಲೆ ಕಡಿಮೆ.